ಆಯುರ್ವೇದ ಗ್ರಂಥಾಲಯದ ಕಪಾಟು ಅಳೆದ ಬಗೆ: ಕೋಹಾ ಮತ್ತು ಓಪನ್‌ರಿಫೈನ್ ಬಳಸಿದ ಮೇಲೆ

ಕಳೆದ ವರ್ಷ ಬಜೆಟ್ ಸಭೆಯಲ್ಲಿ ಪ್ರಿನ್ಸಿಪಾಲರು ಕೇಳಿದ್ದು ಒಂದೇ ಮಾತು: "ಮೇಡಂ, ವರ್ಷಾ ವರ್ಷಾ ಪುಸ್ತಕ ಕೊಳ್ತೀವಲ್ಲ, ಯಾವ ವಿಭಾಗದ್ದು ಓದ್ತಾರೆ, ಯಾವುದು ಸುಮ್ನೆ ಕೂತಿದೆ, ಹೇಳೋಕಾಗುತ್ತಾ?"

ನಾನು ಆಯುರ್ವೇದ ಕಾಲೇಜೊಂದರ ಗ್ರಂಥಪಾಲಕಿ. ಹದಿನೇಳು ವರ್ಷದಿಂದ ಇದೇ ಕಪಾಟುಗಳ ನಡುವೆ ಓಡಾಡುತ್ತಿದ್ದೇನೆ. ಅಷ್ಟಾಂಗಹೃದಯದ ಯಾವ ವ್ಯಾಖ್ಯಾನ ಯಾವ ಅಂಕಣದಲ್ಲಿದೆ ಎಂದು ಕಣ್ಣು ಮುಚ್ಚಿ ತೋರಿಸಬಲ್ಲೆ. ಆದರೆ ಆ ಪ್ರಶ್ನೆಗೆ ನನ್ನ ಬಳಿ ಇದ್ದದ್ದು ಅಂದಾಜು ಮಾತ್ರ. ಅಂದಾಜು ಸಭೆಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಬೇಸಿಗೆ ರಜೆಯಲ್ಲಿ ಕೂತು ಇಡೀ ಸಂಗ್ರಹವನ್ನು ಸಾಫ್ಟ್‌ವೇರ್ ಹಚ್ಚಿ ಅಳೆದೆ. ನನ್ನ ಹಾಗೆ ಒಂದೇ ವಿಷಯದ ಗ್ರಂಥಾಲಯ ನೋಡಿಕೊಳ್ಳುವವರು, ಅದು ಕಾನೂನಿರಲಿ, ಕೃಷಿಯಿರಲಿ, ಸಂಗೀತವಿರಲಿ, ಈ ಕೆಲಸಕ್ಕೆ ಇಳಿಯುವ ಮುನ್ನ ತಿಳಿದಿರಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನೋಡಿದ್ದು ದುಡ್ಡು ಕೊಟ್ಟು ಕೊಳ್ಳುವ ಒಂದು ಉತ್ಪನ್ನದ ಡೆಮೊ. ಹೆಸರು ಬೇಡ. ಪರದೆಯ ಮೇಲೆ ಬಣ್ಣಬಣ್ಣದ ಪಟ್ಟಿಗಳು, ನಿಮ್ಮಂಥದ್ದೇ ಬೇರೆ ಗ್ರಂಥಾಲಯಗಳ ಜೊತೆ ಹೋಲಿಕೆ, ಯಾವ ಪುಸ್ತಕ ತೆಗೆಯಬಹುದು ಎಂಬ ಸಲಹೆ. ನಮ್ಮ ಕ್ಯಾಟಲಾಗಿನ ಒಂದು ತುಣುಕು ಕೊಟ್ಟು ಓಡಿಸಲು ಹೇಳಿದೆ. ಅದು ಪುಸ್ತಕವನ್ನು ಗುರುತು ಹಿಡಿಯುವುದೇ ಪ್ರಕಾಶಕರು ಪುಸ್ತಕಕ್ಕೆ ಹಾಕುವ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಮೇಲೆ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಮುಂಬಯಿಯ ನಿರ್ಣಯಸಾಗರ ಮುದ್ರಣಾಲಯದ 1941ರ ಚರಕಸಂಹಿತೆಗೆ ಐಎಸ್‌ಬಿಎನ್ ಎಲ್ಲಿಂದ ಬರಬೇಕು? ಚಕ್ರಪಾಣಿದತ್ತನ ವ್ಯಾಖ್ಯಾನ ಸಮೇತ ಇರುವ ಆ ಆವೃತ್ತಿಯನ್ನು ಪಿಜಿ ವಿದ್ಯಾರ್ಥಿಗಳು ಇವತ್ತಿಗೂ ಕೇಳಿಕೊಂಡು ಬರುತ್ತಾರೆ. ಡೆಮೊದಲ್ಲಿ ಅದು 'ಹಳೆಯದು, ಹೊಂದಾಣಿಕೆ ಸಿಗಲಿಲ್ಲ' ಎಂಬ ಗುಂಪಿಗೆ ಬಿತ್ತು. ಅಲ್ಲಿಗೆ ನಾನು ಆ ದಾರಿ ಬಿಟ್ಟೆ. ದೊಡ್ಡ ಸಾಮಾನ್ಯ ಗ್ರಂಥಾಲಯಗಳಿಗೆ ಅದು ಒದಗುತ್ತದೇನೋ, ನಮಗಲ್ಲ.

ಉಳಿದದ್ದು ಕೈಯಲ್ಲೇ ಇದ್ದ ಕೋಹಾ. ನ್ಯೂಜಿಲೆಂಡಿನ ಹೊರೊಫೆನುವಾ ಗ್ರಂಥಾಲಯ ಟ್ರಸ್ಟ್ ಬರೆಸಿ 2000ದ ಜನವರಿಯಲ್ಲಿ ಬಳಕೆಗೆ ತಂದ ತಂತ್ರಾಂಶ ಇದು. ಮಾವೊರಿ ಭಾಷೆಯಲ್ಲಿ ಕೋಹಾ ಎಂದರೆ ಉಡುಗೊರೆ. ಲೈಸೆನ್ಸ್ ಶುಲ್ಕವಿಲ್ಲ, ನಮ್ಮ ಕಡೆಯ ಎಷ್ಟೋ ಕಾಲೇಜುಗಳಲ್ಲಿ ಇಶ್ಯೂ, ರಿಟರ್ನ್ ನಡೆಯುವುದೇ ಇದರಲ್ಲಿ. ಆದರೆ ಹೆಚ್ಚಿನವರು ಅದನ್ನು ಕೌಂಟರಿನ ಯಂತ್ರ ಎಂದಷ್ಟೇ ತಿಳಿದಿದ್ದಾರೆ, ನಾನೂ ಹಾಗೇ ತಿಳಿದಿದ್ದೆ. ಅದರ ರಿಪೋರ್ಟ್ಸ್ ಭಾಗವನ್ನು ತೆರೆದು ನೋಡಿದ ಮೇಲೆ ನನ್ನ ಅಭಿಪ್ರಾಯ ಬದಲಾಯಿತು.

ಅಲ್ಲಿ ಎರಡು ಬಗೆ ಇದೆ. ತಯಾರಿರುವ ವರದಿಗಳು ಒಂದು: ಅತಿ ಹೆಚ್ಚು ಹೊರಹೋದ ಪುಸ್ತಕ, ಒಮ್ಮೆಯೂ ಹೊರಹೋಗದ ಪುಸ್ತಕ, ಹೀಗೆ. ಸಭೆಗೆ ಒಂದು ಪುಟ ಬೇಕಿದ್ದರೆ ಅಷ್ಟು ಸಾಕು. ಇನ್ನೊಂದು, ನಾವೇ ದತ್ತಾಂಶ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನಲ್ಲಿ ಪ್ರಶ್ನೆ ಬರೆಯುವುದು. ನಿಜವಾದ ಶಕ್ತಿ ಇರುವುದು ಇಲ್ಲಿ. ಎಸ್‌ಕ್ಯೂಎಲ್ ಎಂದರೆ ಗಾಬರಿ ಬೇಡ. ಕೋಹಾ ಬಳಗದವರು ಬರೆದಿಟ್ಟ ಪ್ರಶ್ನೆಗಳ ದೊಡ್ಡ ಭಂಡಾರವೇ ಅವರ ವಿಕಿಯಲ್ಲಿದೆ. ತಂದು ಹಾಕಿಕೊಂಡು, ನಮ್ಮ ವಿಭಾಗದ ಹೆಸರು ಬದಲಾಯಿಸಿ, ಓಡಿಸಿದರಾಯಿತು. ನಾನು ಕಂಪ್ಯೂಟರ್ ಓದಿದವಳಲ್ಲ. ಎರಡು ವಾರದಲ್ಲಿ ಕೈ ಹಿಡಿಯಿತು.

ಒಂದು ಎಚ್ಚರಿಕೆ ಮಾತ್ರ ಹೇಳಲೇಬೇಕು. ಒಮ್ಮೆಯೂ ಇಶ್ಯೂ ಆಗದ ಪುಸ್ತಕ ಹುಡುಕಲು ನಾನು ಮೊದಲು 'ಇಶ್ಯೂ ಸೊನ್ನೆ ಇರುವುದು' ಎಂದು ಕೇಳಿದೆ. ಬೆರಳೆಣಿಕೆಯ ಸಾಲು ಬಂತು. ನಮ್ಮ ಕಪಾಟು ನೋಡಿದವರು ಯಾರೂ ನಂಬಲಾರರು. ಕಾರಣ ಏನೆಂದರೆ, ಹಳೆಯ ದಾಖಲೆಗಳಲ್ಲಿ ಆ ಮನೆ ಸೊನ್ನೆ ಆಗಿರಲಿಲ್ಲ, ಖಾಲಿ ಇತ್ತು. ಕಂಪ್ಯೂಟರಿಗೆ ಸೊನ್ನೆ ಬೇರೆ, ಖಾಲಿ ಬೇರೆ. 'ಸೊನ್ನೆ ಅಥವಾ ಖಾಲಿ' ಎಂದು ಎರಡನ್ನೂ ಸೇರಿಸಿ ಕೇಳಿದಾಗ ಪಟ್ಟಿ ಪುಟಗಟ್ಟಲೆ ಇಳಿಯಿತು. ಬಂದ ಅಂಕಿಯನ್ನು ಒಮ್ಮೆ ಕಪಾಟಿನ ಮುಂದೆ ನಿಂತು ತಾಳೆ ನೋಡದೆ ಯಾರಿಗೂ ಕೊಡಬೇಡಿ.

ಆ ಪಟ್ಟಿ ನೋಡಿ ಪ್ರಿನ್ಸಿಪಾಲರಿಗೆ ಬೇಸರವಾಯಿತು. ಆಗ ಅವರಿಗೆ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಅಧ್ಯಯನದ ವಿಷಯ ಹೇಳಿದೆ. ಅಲ್ಲಿ 1969ರಲ್ಲಿ ಕೊಂಡ ಪುಸ್ತಕಗಳಲ್ಲಿ ಸುಮಾರು 40 ಶೇಕಡಾ 1975 ಮುಗಿಯುವವರೆಗೂ ಒಮ್ಮೆಯೂ ಹೊರಹೋಗಿರಲಿಲ್ಲ. ದೊಡ್ಡ ಹಣವಿರುವ ದೊಡ್ಡ ಗ್ರಂಥಾಲಯದ ಕತೆಯೇ ಅದು. ಓದದ ಪುಸ್ತಕ ಇದೆ ಎಂಬುದು ಅಪರಾಧವಲ್ಲ. ಯಾವುದು, ಯಾಕೆ ಎಂಬುದೇ ಕೇಳಬೇಕಾದ ಮಾತು.

ಈ 'ಯಾವುದು'ವಿಗೆ ಉತ್ತರ ಹುಡುಕಲು ಹೊರಟಾಗಲೇ ನಮ್ಮಂಥ ವಿಶೇಷ ಗ್ರಂಥಾಲಯದ ನಿಜವಾದ ತೊಡಕು ಎದುರಾದದ್ದು. ಸಾಮಾನ್ಯವಾಗಿ ಇಂಥ ವಿಶ್ಲೇಷಣೆ ವಿಷಯಕ್ಕೊಂದು ಅಂಕಿ ಕೊಡುವ ಡ್ಯೂಯಿ ಪದ್ಧತಿಯ ವರ್ಗಸಂಖ್ಯೆಯ ಮೇಲೆ ನಿಂತಿರುತ್ತದೆ. ನಾನೂ ಹಾಗೇ ಮಾಡಿದೆ. ಬಂದ ನಕ್ಷೆಯಲ್ಲಿ 615.538ರ ಮೇಲೆ ಒಂದೇ ಒಂದು ಗೋಪುರ, ಸುತ್ತ ಪುಟ್ಟ ಪುಟ್ಟ ದಿಬ್ಬ. ಡ್ಯೂಯಿಯಲ್ಲಿ ಆಯುರ್ವೇದಕ್ಕೆ ಸಿಕ್ಕಿರುವುದು ಅದೊಂದೇ ಮನೆ. ನಮ್ಮಲ್ಲಿರುವುದು ಹದಿನಾಲ್ಕು ವಿಭಾಗ: ಸಂಹಿತಾ ಸಿದ್ಧಾಂತ, ರಚನಾ ಶಾರೀರ, ಕ್ರಿಯಾ ಶಾರೀರ, ದ್ರವ್ಯಗುಣ, ರಸಶಾಸ್ತ್ರ, ರೋಗನಿದಾನ, ಸ್ವಸ್ಥವೃತ್ತ, ಅಗದತಂತ್ರ, ಪ್ರಸೂತಿತಂತ್ರ, ಕೌಮಾರಭೃತ್ಯ, ಕಾಯಚಿಕಿತ್ಸಾ, ಶಲ್ಯ, ಶಾಲಾಕ್ಯ, ಪಂಚಕರ್ಮ. ಕಣ್ಣಿನ ಪುಸ್ತಕವೂ ಪಂಚಕರ್ಮದ ಪುಸ್ತಕವೂ ಒಂದೇ ಅಂಕಿಯಲ್ಲಿ ಕೂತರೆ ಯಾವ ಸಾಫ್ಟ್‌ವೇರ್ ತಾನೇ ಬೇರೆ ಮಾಡೀತು?

ಇನ್ನೊಂದು ಕಡೆ ಇದರ ತಿರುಗುಮುರುಗು. ದ್ರವ್ಯಗುಣದ, ಅಂದರೆ ಔಷಧದ್ರವ್ಯಗಳ, ಪುಸ್ತಕಗಳು ಮೂರು ದಿಕ್ಕಿಗೆ ಚದುರಿದ್ದವು. ಗಿಡಮೂಲಿಕೆಯಿಂದ ಮಾಡಿದ ಔಷಧ ಎಂದು ಕೆಲವು 615.321ರಲ್ಲಿ, ಔಷಧಿ ಸಸ್ಯ ಎಂದು ಸಸ್ಯಶಾಸ್ತ್ರದ 581.634ರಲ್ಲಿ ಕೆಲವು, ಬೆಳೆ ಎಂದು ಕೃಷಿಯ 633.88ರಲ್ಲಿ ಇನ್ನು ಕೆಲವು. ಸಂಸ್ಕೃತದಲ್ಲಿದೆ ಎಂಬ ಒಂದೇ ಕಾರಣಕ್ಕೆ ಹಿಂದೆ ಯಾರೋ ಔಷಧದ್ರವ್ಯಗಳ ಕೆಲವು ನಿಘಂಟುಗಳನ್ನು 891.2ಕ್ಕೆ, ಅಂದರೆ ಸಂಸ್ಕೃತ ಸಾಹಿತ್ಯಕ್ಕೆ, ಕಳಿಸಿದ್ದರು. ಅಶ್ವಗಂಧದ ಬಗ್ಗೆ ಓದಬೇಕೆಂದು ಬಂದ ಹುಡುಗಿ ನಾಲ್ಕು ರ್‍ಯಾಕ್ ಸುತ್ತಬೇಕು. ಸಾಫ್ಟ್‌ವೇರಿಗೂ ಅದೇ ಗತಿ.

ಪರಿಹಾರ ಕೋಹಾದಲ್ಲೇ ಇತ್ತು. ಪ್ರತಿ ಪ್ರತಿಗೂ ಕಲೆಕ್ಷನ್ ಕೋಡ್ ಎಂಬ ಒಂದು ಮನೆ ಇದೆ. ನಾವು ಅದನ್ನು ಖಾಲಿ ಬಿಟ್ಟಿದ್ದೆವು. ಹದಿನಾಲ್ಕು ವಿಭಾಗಕ್ಕೆ ಹದಿನಾಲ್ಕು ಕೋಡ್ ಮಾಡಿದೆ. ನಾನು, ನಮ್ಮ ಅಟೆಂಡರ್ ಅಣ್ಣ, ಇಬ್ಬರೂ ಸ್ಕ್ಯಾನರ್ ಹಿಡಿದು ಒಂದೊಂದೇ ರ್‍ಯಾಕಿನ ಬಾರ್‌ಕೋಡ್ ಓದಿಸುತ್ತಾ ಹೋದೆವು. ಆ ಪಟ್ಟಿಯನ್ನು ಬ್ಯಾಚ್ ಐಟಂ ಮಾಡಿಫಿಕೇಶನ್ ಎಂಬ ಸಾಧನಕ್ಕೆ ಅಂಟಿಸಿದರೆ ನೂರಾರು ಪ್ರತಿಗಳಿಗೆ ಒಮ್ಮೆಲೇ ಕೋಡ್ ಬೀಳುತ್ತದೆ. ಕಾಲ್ ನಂಬರ್, ಅಂದರೆ ಕಪಾಟಿನಲ್ಲಿ ಪುಸ್ತಕದ ಜಾಗ ಹೇಳುವ ಸಂಖ್ಯೆ, ಬದಲಿಸಲಿಲ್ಲ, ಬೆನ್ನಿನ ಚೀಟಿ ಕೀಳಲಿಲ್ಲ. ಪುಸ್ತಕ ಇದ್ದಲ್ಲೇ ಇತ್ತು, ಲೆಕ್ಕ ಮಾತ್ರ ಸರಿಯಾಯಿತು. ಈ ಒಂದು ಸೌಲಭ್ಯಕ್ಕೇ ಕೋಹಾಕ್ಕೆ ನಾನು ಋಣಿ.

ಇನ್ನು ಓಪನ್‌ರಿಫೈನ್ ವಿಚಾರ. ಇದು ಗ್ರಂಥಾಲಯಕ್ಕೆಂದೇ ಮಾಡಿದ್ದಲ್ಲ, ಕೊಳೆ ಹಿಡಿದ ದತ್ತಾಂಶ ತೊಳೆಯುವ ಸಾಧನ. ಕೆಲ ಕಾಲ ಗೂಗಲ್ ಕೈಯಲ್ಲಿದ್ದು ಗೂಗಲ್ ರಿಫೈನ್ ಎನಿಸಿಕೊಂಡಿತ್ತು, 2012ರಲ್ಲಿ ಹೊರಬಂದು ಈ ಹೆಸರು ಪಡೆಯಿತು. ಬ್ರೌಸರಿನಲ್ಲಿ ತೆರೆದುಕೊಂಡರೂ ಓಡುವುದು ನಮ್ಮದೇ ಕಂಪ್ಯೂಟರಿನಲ್ಲಿ, ದತ್ತಾಂಶ ಹೊರಗೆ ಹೋಗುವುದಿಲ್ಲ.

ಅದು ಯಾಕೆ ಬೇಕಾಯಿತು ಎಂದರೆ, ನಮ್ಮ ಕ್ಯಾಟಲಾಗಿನಲ್ಲಿ ಅಷ್ಟಾಂಗಹೃದಯ ಬರೆದ ಒಬ್ಬ ವಾಗ್ಭಟ ಏಳು ಜನ ಆಗಿದ್ದ. ರೋಮನ್ ಲಿಪಿಯಲ್ಲಿ ಒಬ್ಬರು ಬರೆದಂತೆ ಇನ್ನೊಬ್ಬರು ಬರೆದಿಲ್ಲ. ಚರಕನ ಹೆಸರು ಒಂದು ಕಡೆ ಬರೀ 'ಸಿ'ಯಿಂದ ಶುರು, ಇನ್ನೊಂದು ಕಡೆ 'ಸಿ, ಎಚ್' ಸೇರಿಸಿ, ಮತ್ತೊಂದು ಕಡೆ ಹಿಂದಿಯವರ ಹಾಗೆ ಕೊನೆಯ 'ಎ' ನುಂಗಿ. ಕನ್ನಡ ಲಿಪಿಯ ದಾಖಲೆಗಳ ಕಷ್ಟವೇ ಬೇರೆ. ಒಬ್ಬರು 'ತಂತ್ರ' ಎಂದರೆ ಇನ್ನೊಬ್ಬರು 'ತನ್ತ್ರ' ಎಂದಿದ್ದಾರೆ. 'ಆಚಾರ್ಯ' ಪದದಲ್ಲಿ ಅರ್ಕಾವೊತ್ತಿನ ಜಾಗಕ್ಕೆ ಅಕ್ಷರ ಬೆಸೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಕೆಲವು ಕಡೆ ಸೇರಿಕೊಂಡಿತ್ತು. ಓದುವ ನಮಗೆ ಎರಡೂ ಒಂದೇ, ಯಂತ್ರಕ್ಕೆ ಎರಡು ಬೇರೆ ಪದ. ಯೂನಿಕೋಡ್ ಬರುವ ಮುಂಚೆ ಹಳೆಯ ಫಾಂಟಿನಲ್ಲಿ ಟೈಪ್ ಮಾಡಿದ ದಾಖಲೆಗಳನ್ನಂತೂ ಕೇಳಲೇಬೇಡಿ: ಇಂಗ್ಲಿಷ್ ಅಕ್ಷರಗಳ ತಲೆಯ ಮೇಲೆ ಟೋಪಿ, ಚುಕ್ಕಿ, ಗೆರೆ. ಅವನ್ನು ಮೊದಲು ಕನ್ವರ್ಟರ್ ಹಾಕಿ ಯೂನಿಕೋಡ್ ಮಾಡಿಕೊಂಡೇ ಮುಂದೆ ಹೋಗಬೇಕು.

ಓಪನ್‌ರಿಫೈನಿನಲ್ಲಿ ಕ್ಲಸ್ಟರ್ ಎಂಬ ಗುಂಡಿ ಒತ್ತಿದರೆ ಒಂದೇ ಇರಬಹುದಾದ ಹೆಸರುಗಳನ್ನು ಗುಂಪು ಮಾಡಿ ಮುಂದಿಡುತ್ತದೆ. ಫಿಂಗರ್‌ಪ್ರಿಂಟ್ ವಿಧಾನ ಪದಗಳ ಕ್ರಮ, ಅಲ್ಪವಿರಾಮ, ದೊಡ್ಡಕ್ಷರ ಸಣ್ಣಕ್ಷರಗಳ ವ್ಯತ್ಯಾಸ ಮರೆಯುತ್ತದೆ. ಹೆಸರು ಹಿಂದುಮುಂದಾದ ಕಡೆಯೆಲ್ಲ ಒಂದೇ ಏಟಿಗೆ ಸರಿಹೋಯಿತು. ಕಾಗುಣಿತ ಬೇರೆಯಾದವಕ್ಕೆ ಲೆವೆನ್‌ಶ್ಟೈನ್ ವಿಧಾನ ಬೇಕು. ಒಂದು ಪದದಿಂದ ಇನ್ನೊಂದಕ್ಕೆ ಹೋಗಲು ಎಷ್ಟು ಅಕ್ಷರ ತಿದ್ದಬೇಕು ಎಂದು ಅದು ಎಣಿಸುತ್ತದೆ. ಉಚ್ಚಾರದ ಮೇಲೆ ಗುಂಪು ಮಾಡುವ ವಿಧಾನಗಳೂ ಇವೆ, ಅವು ರೋಮನ್ ಲಿಪಿಗೆ ಮಾಡಿದ್ದು, ಕನ್ನಡಕ್ಕೆ ಉಪಯೋಗವಿಲ್ಲ.

ಆ ಪರದೆಯ ಮುಂದೆ ಕೂತ ಒಂದು ಮಧ್ಯಾಹ್ನ ನೆನಪಿದೆ. ಗುಂಪು ಮೇಲೆ ಗುಂಪು ಬರುತ್ತಿತ್ತು, 'ಸೇರಿಸು' ಗುರುತು ಹಾಕುತ್ತಾ ಹೋಗುತ್ತಿದ್ದೆ. ಒಂದು ಗುಂಪಿನ ಮೇಲೆ ಕೈ ನಿಂತಿತು. ಶಾರೀರದ ಒಂದು ಪಠ್ಯದ ಭಾಗ ಒಂದು, ಭಾಗ ಎರಡು. ವ್ಯತ್ಯಾಸ ಒಂದೇ ಅಂಕಿ, ಹಾಗಾಗಿ ಎರಡೂ ಒಂದೇ ಎಂದು ಅದು ಸೂಚಿಸುತ್ತಿದೆ! ಹಿಂದಕ್ಕೆ ಹೋಗಿ ನೋಡಿದರೆ ಅಂಥದ್ದೇ ನಾಲ್ಕು ಆಗಲೇ ಸೇರಿಸಿಬಿಟ್ಟಿದ್ದೆ. ಪುಣ್ಯಕ್ಕೆ ಅದರಲ್ಲಿ ಮಾಡಿದ ಪ್ರತಿ ಹೆಜ್ಜೆಯ ಪಟ್ಟಿ ಪಕ್ಕದಲ್ಲೇ ಇರುತ್ತದೆ, ಬೇಕಾದ ಹೆಜ್ಜೆಗೆ ವಾಪಸ್ ಹೋಗಬಹುದು. ಬಹುಸಂಪುಟಗಳ ಸಂಸ್ಕೃತ ಗ್ರಂಥ ಇರುವವರು ಭಾಗಸಂಖ್ಯೆಯನ್ನು ಮೊದಲೇ ಬೇರೆ ಕಾಲಮ್ಮಿಗೆ ತೆಗೆದಿಟ್ಟುಕೊಂಡು ಆಮೇಲೆ ಕ್ಲಸ್ಟರ್ ಮಾಡಿ.

ತೊಳೆದ ಮೇಲೆ ಲೆಕ್ಕ. ನಾನು ನೆಚ್ಚಿಕೊಂಡದ್ದು ಒಂದು ಸರಳ ಭಾಗಾಕಾರ: ವಿಭಾಗವೊಂದರ ಇಶ್ಯೂ ಒಟ್ಟು ಇಶ್ಯೂದಲ್ಲಿ ಶೇಕಡಾ ಎಷ್ಟು, ಅದರ ಪುಸ್ತಕ ಒಟ್ಟು ಪುಸ್ತಕದಲ್ಲಿ ಶೇಕಡಾ ಎಷ್ಟು, ಮೊದಲನೆಯದನ್ನು ಎರಡನೆಯದರಿಂದ ಭಾಗಿಸುವುದು. ಉತ್ತರ ಒಂದಕ್ಕಿಂತ ಹೆಚ್ಚಿದ್ದರೆ ಇರುವ ಪುಸ್ತಕ ಸಾಲದು, ಒಂದಕ್ಕಿಂತ ಬಹಳ ಕೆಳಗಿದ್ದರೆ ಬೇರೇನೋ ಇದೆ. ಆದರೆ ಇದಕ್ಕೂ ಮುಂಚೆ ಬುಕ್ ಬ್ಯಾಂಕಿನ ಪ್ರತಿಗಳನ್ನು ಪಕ್ಕಕ್ಕಿಡಿ. ಮೊದಲ ವರ್ಷದ ಹುಡುಗರಿಗೆಂದು ಒಂದೇ ಪಠ್ಯದ ನಲವತ್ತು ಪ್ರತಿ ಇರುವಲ್ಲಿ ಲೆಕ್ಕ ಪೂರ್ತಿ ವಾಲುತ್ತದೆ. ಶೀರ್ಷಿಕೆ ಎಷ್ಟು, ಪ್ರತಿ ಎಷ್ಟು ಎಂಬುದನ್ನು ಬೇರೆ ಬೇರೆ ಕೇಳಲು ಕೋಹಾದಲ್ಲಿ ಸುಲಭ.

ನಮ್ಮಲ್ಲಿ ಪಂಚಕರ್ಮ ಮೇಲೆ ಬಂತು. ಪುಸ್ತಕ ಕಡಿಮೆ, ಕೇಳುವವರು ಹೆಚ್ಚು. ಅದು ಎಲ್ಲರೂ ಊಹಿಸಿದ್ದೇ. ಊಹಿಸದೇ ಇದ್ದದ್ದು ಅಗದತಂತ್ರ ತೀರಾ ಕೆಳಗೆ ಹೋದದ್ದು. ವಿಷಚಿಕಿತ್ಸೆಯ ಆ ವಿಭಾಗದ ಮುಖ್ಯಸ್ಥರು ನನ್ನ ಟೇಬಲ್ಲಿಗೆ ಬಂದು, "ನಮ್ಮ ಪಿಜಿಯವರು ದಿನಾ ಇಲ್ಲೇ ಕೂತಿರ್ತಾರಲ್ಲ ಮೇಡಂ, ಸೊನ್ನೆ ಹೇಗೆ ಬರುತ್ತೆ?" ಎಂದರು. ಅವರ ಜೊತೆಗೇ ಹೋಗಿ ಪಟ್ಟಿಯಲ್ಲಿ ಸೊನ್ನೆ ಇದ್ದ ಒಂದು ಪುಸ್ತಕ ತೆಗೆದೆ. ಖಗೇಂದ್ರಮಣಿದರ್ಪಣ, ಹದಿನಾಲ್ಕನೆಯ ಶತಮಾನದ ಮಂಗರಾಜ ವಿಷವೈದ್ಯವನ್ನೇ ಕುರಿತು ಕನ್ನಡದಲ್ಲಿ ಬರೆದ ಗ್ರಂಥ. ಹಿಂದಿನ ಒಳರಟ್ಟಿಗೆ ಅಂಟಿಸಿದ ತಾರೀಖು ಚೀಟಿ ನೋಡಿದೆ. ನೇರಳೆ ಶಾಯಿಯ ಮೊಹರುಗಳು ಮೇಲಿಂದ ಕೆಳಗೆ ತುಂಬಿ, ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿ, ಅದೂ ಅರ್ಧ ತುಂಬಿತ್ತು. ಕೊನೆಯ ಮೊಹರು ನಾವು ಕೋಹಾಕ್ಕೆ ಬರುವ ಮುಂಚಿನದು. ಆಮೇಲೆ ಪುಸ್ತಕ ಶಿಥಿಲವಾಯಿತೆಂದು ರೆಫರೆನ್ಸಿಗೆ ಸೇರಿಸಿದ್ದೆವು. ಹೊರಗೆ ಹೋಗುವ ಹಾಗೇ ಇಲ್ಲ. ಪುಟಗಳ ನಡುವೆ ಪೆನ್ಸಿಲಿನಲ್ಲಿ ಬರೆದ ಹೊಸ ಚೀಟಿಗಳು ಮೂರು ಇದ್ದವು. ಓದಿದ್ದಾರೆ, ಇಲ್ಲೇ ಮೇಜಿನ ಮೇಲೆ ಓದಿದ್ದಾರೆ.

ಲೆಡ್ಜರ್ ಕಾಲದ ಓದು ಸಾಫ್ಟ್‌ವೇರಿನಲ್ಲಿ ಇಲ್ಲ, ಮೇಜಿನ ಮೇಲಿನ ಓದೂ ಇಲ್ಲ. ವಿಶೇಷ ಗ್ರಂಥಾಲಯದಲ್ಲಿ ಓದು ನಡೆಯುವುದೇ ಬಹುಪಾಲು ಮೇಜಿನ ಮೇಲೆ. ಬರೀ ಇಶ್ಯೂ ಅಂಕಿ ನೋಡಿ ಆ ದಿನ ನಾನು ಪುಸ್ತಕ ತೆಗೆಯುವ ಪಟ್ಟಿ ಮಾಡಿದ್ದರೆ ಖಗೇಂದ್ರಮಣಿದರ್ಪಣವೂ ಅದರಲ್ಲಿ ಸೇರುತ್ತಿತ್ತು. ಅದನ್ನು ನೆನೆದರೆ ಈಗಲೂ ಮನಸ್ಸಿಗೆ ಕಸಿವಿಸಿ.

ಇದಕ್ಕೂ ಕೋಹಾದಲ್ಲಿ ದಾರಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಸಿಸ್ಟಂ ಪ್ರಿಫರೆನ್ಸ್‌ಗಳಲ್ಲಿ 'ರೆಕಾರ್ಡ್ ಲೋಕಲ್ ಯೂಸ್ ಆನ್ ರಿಟರ್ನ್' ಎಂಬುದನ್ನು ಚಾಲೂ ಮಾಡಿದರೆ, ಇಶ್ಯೂ ಆಗದೇ ಇರುವ ಪುಸ್ತಕವನ್ನು ರಿಟರ್ನ್ ಪರದೆಯಲ್ಲಿ ಸ್ಕ್ಯಾನ್ ಮಾಡಿದಾಗ ಅದು 'ಒಳಗೇ ಬಳಕೆಯಾಯಿತು' ಎಂದು ದಾಖಲಾಗುತ್ತದೆ. ಓದುವ ಕೋಣೆಯಲ್ಲಿ 'ಓದಿದ ಪುಸ್ತಕ ವಾಪಸ್ ರ್‍ಯಾಕಿಗೆ ಇಡಬೇಡಿ, ಟ್ರಾಲಿಯಲ್ಲಿಡಿ' ಎಂದು ಬೋರ್ಡ್ ಹಾಕಿದೆವು. ಸಂಜೆ ಐದೂವರೆಗೆ ಅಟೆಂಡರ್ ಅಣ್ಣ ಟ್ರಾಲಿಯ ಪುಸ್ತಕವನ್ನೆಲ್ಲ ಒಂದೊಂದಾಗಿ ಬೀಪ್ ಅನ್ನಿಸಿ ಆಮೇಲೆ ರ್‍ಯಾಕಿಗೆ ಸೇರಿಸುತ್ತಾರೆ. ಇಪ್ಪತ್ತು ನಿಮಿಷದ ಕೆಲಸ. ಕೆಲವು ತಿಂಗಳು ಕಳೆಯುವಷ್ಟರಲ್ಲಿ ಅಗದತಂತ್ರ ಮೇಲೆದ್ದಿತು, ಸಂಹಿತಾ ವಿಭಾಗವಂತೂ ಎಲ್ಲಕ್ಕಿಂತ ಮುಂದೆ ಬಂತು.

ವಯಸ್ಸಿನ ಲೆಕ್ಕದಲ್ಲೂ ಇದೇ ಎಚ್ಚರ ಬೇಕು. ಪ್ರಕಟಣೆಯ ವರ್ಷದ ಮೇಲೆ ಎಲ್ಲಕ್ಕೂ ಒಂದೇ ಗೆರೆ ಎಳೆಯಬಾರದು. ಸುಶ್ರುತಸಂಹಿತೆಗೆ ಡಲ್ಹಣ ಬರೆದ ವ್ಯಾಖ್ಯಾನದ ಹಳೆಯ ಮುದ್ರಣ ಹಳೆಯದಾದಷ್ಟೂ ಬೆಲೆ. ಆದರೆ ಅದೇ ಶಲ್ಯ ವಿಭಾಗದ ಕಪಾಟಿನಲ್ಲಿ ಇರುವ ಆಧುನಿಕ ಸರ್ಜರಿ ಪಠ್ಯದ ಮೂವತ್ತು ವರ್ಷದ ಹಿಂದಿನ ಆವೃತ್ತಿಯನ್ನು ವಿದ್ಯಾರ್ಥಿಯ ಕೈಗೆ ಕೊಡುವುದು ತಪ್ಪು. ಎರಡನ್ನೂ ಬೇರೆ ಮಾಡಿ ವರದಿ ಬರೆದುಕೊಂಡೆ. ತೆಗೆದದ್ದು ಎರಡನೆಯ ಬಗೆಯವನ್ನು ಮಾತ್ರ, ಅದೂ ವಿಭಾಗದವರು ನೋಡಿ ಸಹಿ ಹಾಕಿದ ಮೇಲೆ.

ಕೊನೆಯ ಹಂತಕ್ಕೆ ಸಾಫ್ಟ್‌ವೇರ್ ಮುಚ್ಚಿಟ್ಟೆ. ಗ್ರಂಥಾಲಯ ವಿಜ್ಞಾನದಲ್ಲಿ ಕಾನ್‌ಸ್ಪೆಕ್ಟಸ್ ಎಂಬ ಹಳೆಯ ಪದ್ಧತಿ ಇದೆ. ಪ್ರತಿ ವಿಷಯಕ್ಕೂ 0ಯಿಂದ 5ರವರೆಗೆ ಮಟ್ಟ: ಸೊನ್ನೆ ಎಂದರೆ ನಮ್ಮ ವ್ಯಾಪ್ತಿಯಲ್ಲಿಲ್ಲ, ಮೂರು ಎಂದರೆ ಪಾಠಕ್ಕೆ ಸಾಕು, ನಾಲ್ಕು ಎಂದರೆ ಸಂಶೋಧನೆಗೆ ಸಾಕು, ಐದು ಎಂದರೆ ಸಮಗ್ರ. ಪ್ರತಿ ವಿಭಾಗದ ಅಧ್ಯಾಪಕರೊಬ್ಬರನ್ನು ಕಪಾಟಿನ ಮುಂದೆ ಕರೆತಂದು, ವರದಿ ಕೈಗೆ ಕೊಟ್ಟು, ಮಟ್ಟ ಹಾಕಿಸಿದೆ. ಪಿಜಿ ನಡೆಯುವ ವಿಭಾಗಕ್ಕೆ ನಾಲ್ಕು ಇರಬೇಕು ಎಂದು ಮೊದಲೇ ಒಪ್ಪಿಕೊಂಡೆವು. ಕೌಮಾರಭೃತ್ಯದ, ಅಂದರೆ ಮಕ್ಕಳ ಚಿಕಿತ್ಸೆಯ ವಿಭಾಗದ, ಮೇಡಂ ಅರ್ಧ ಗಂಟೆ ಪುಸ್ತಕ ತಿರುವಿ, "ಬಿಎಎಂಎಸ್‌ಗೆ ಸಾಕು, ಎಂಡಿಗೆ ಸಾಲಲ್ಲ. ಮೂರೇ ಹಾಕಿ" ಎಂದರು. ಬಿಎಎಂಎಸ್ ಎಂದರೆ ಆಯುರ್ವೇದದ ಪದವಿ, ಎಂಡಿ ಎಂದರೆ ಪಿಜಿ. ಇಶ್ಯೂ ಅಂಕಿ ನೋಡಿದರೆ ಆ ವಿಭಾಗದಲ್ಲಿ ಯಾವ ತೊಂದರೆಯೂ ಕಾಣುತ್ತಿರಲಿಲ್ಲ. ಇಲ್ಲದ ಪುಸ್ತಕ ಇಶ್ಯೂ ಪಟ್ಟಿಯಲ್ಲಿ ಎಲ್ಲಿಂದ ಕಾಣಬೇಕು?

ಖರ್ಚಿನ ಮಾತು: ತಂತ್ರಾಂಶಕ್ಕೆ ಒಂದು ರೂಪಾಯಿಯೂ ಹೋಗಲಿಲ್ಲ. ಹೋದದ್ದು ಇಬ್ಬರ ಬೇಸಿಗೆ ರಜೆ, ಒಂದು ಹೆಚ್ಚುವರಿ ಬಾರ್‌ಕೋಡ್ ಸ್ಕ್ಯಾನರ್. ಕೋಹಾ ಇಲ್ಲದೆ ಬೇರೆ ತಂತ್ರಾಂಶ ಇರುವವರು ಚಿಂತಿಸಬೇಕಿಲ್ಲ. ನಿಮ್ಮದರಿಂದ ಎಕ್ಸೆಲ್ ಪಟ್ಟಿ ತೆಗೆಯಲು ಬಂದರೆ ಓಪನ್‌ರಿಫೈನ್ ಅಷ್ಟರಿಂದಲೇ ಅರ್ಧ ದಾರಿ ಕರೆದೊಯ್ಯುತ್ತದೆ. ಕೋಹಾಕ್ಕೆ ನನ್ನ ಪೂರ್ತಿ ಶಿಫಾರಸು. ಓಪನ್‌ರಿಫೈನ್ ಕೂಡ ಹೌದು, ಆದರೆ ಸಂಸ್ಕೃತ ಕನ್ನಡ ಎರಡೂ ಬಲ್ಲವರು ಪಕ್ಕದಲ್ಲಿ ಕೂತಿರಬೇಕು. ಇಡೀ ಕ್ಯಾಟಲಾಗ್ ಒಮ್ಮೆಲೇ ಎತ್ತಿಕೊಳ್ಳಬೇಡಿ, ಚಿಕ್ಕ ವಿಭಾಗವೊಂದನ್ನು ಹಿಡಿದು ಕೊನೆಯವರೆಗೂ ಮಾಡಿ ನೋಡಿ. ಟ್ರಾಲಿಯ ಪದ್ಧತಿಯನ್ನು ಮಾತ್ರ ನಾಳೆಯಿಂದಲೇ ಶುರು ಮಾಡಿ, ಆ ಅಂಕಿ ಕೂಡಿಬರಲು ತಿಂಗಳುಗಳು ಬೇಕು.

ಈ ವರ್ಷದ ಬಜೆಟ್ ಸಭೆಗೆ ನಾಲ್ಕು ಪುಟದ ವರದಿ ಒಯ್ದೆ. ಪಂಚಕರ್ಮಕ್ಕೂ ಕೌಮಾರಭೃತ್ಯಕ್ಕೂ ಹೆಚ್ಚಿನ ಹಣ ಮಂಜೂರಾಯಿತು. ಖಗೇಂದ್ರಮಣಿದರ್ಪಣ ಬೈಂಡಿಂಗಿಗೆ ಹೋಗಿದೆ. ಬಂದ ಮೇಲೆ ಸ್ಕ್ಯಾನ್ ಪ್ರತಿಯೊಂದನ್ನು ಮಾಡಿಸಿ ಓದುವ ಕೋಣೆಯ ಕಂಪ್ಯೂಟರಿನಲ್ಲಿ ಇಡಬೇಕೆಂದು ಅಗದತಂತ್ರದವರು ಪತ್ರ ಬರೆದುಕೊಟ್ಟಿದ್ದಾರೆ.